ಉಳಿದ ಟೀಯ ಬಟ್ಟೆ

ಗಂಡನ ತಿಥಿ ಮುಗಿದ ಮರುದಿನ, ಅವರು ಎರವಲು ತಂದಿದ್ದ ಕೊಳಗವನ್ನು ಹಿಂದಿರುಗಿಸಲು ಭಟ್ಟರ ಹೋಟೆಲಿಗೆ ಹೋದೆ. ಹೋಟೆಲಿನಲ್ಲಿ ಉಳಿದ ಟೀಯನ್ನು ಮನೆಗೆ ತಂದು ಅದರಲ್ಲಿ ಹುಳಿಯಲು ಬಿಟ್ಟು, ಮೇಲೆ ಕಟ್ಟುವ ಪದರದಿಂದ ಚರ್ಮದಂಥ ಬಟ್ಟೆ ಮಾಡಲು ನನ್ನ ಗಂಡ ಹೆಣಗಿದ್ದರು. ಅವರಿದ್ದಷ್ಟು ದಿನ ಪದರ ಎಂದೂ ಕಾಗದಕ್ಕಿಂತ ದಪ್ಪವಾಗಲಿಲ್ಲ.

"ಚೆಲ್ಲಿ ತೊಳೆಯೋಕೂ ಆಗಲಿಲ್ಲ ಭಟ್ರೇ, ಹಾಗೇ ತಂದೆ. ಸೂತಕ ಅಂತ ಅತ್ತೆ ಇಷ್ಟೂ ದಿನ ಅದನ್ನ ಯಾರಿಗೂ ಮುಟ್ಟೋಕೆ ಬಿಡಲಿಲ್ಲ."

"ಇರಲಿ ಬಿಡಮ್ಮ. ನನ್ನ ಟೀಗೆ ಅಷ್ಟು ಮರ್ಯಾದೆ ಕೊಟ್ಟೋರು ನಿಮ್ಮ ಯಜಮಾನರೊಬ್ಬರೇ. ಅದನ್ನ ಚೆನ್ನಾಗಿ ನೋಡ್ಕೊಳ್ತಿದ್ರಾ?"

"ದಿನಾ ಬೆಳಿಗ್ಗೆ ಪದರ ಎತ್ತಿ ನೋಡಿ, ನನಗೂ ತೋರಿಸಿ, ಮತ್ತೆ ಒಳಗೆ ಬಿಡ್ತಿದ್ರು."

ಭಟ್ಟರು ಕೊಳಗವನ್ನು ಮೋರಿಗೆ ಬಗ್ಗಿಸಿದರು. ಟೀಯೆಲ್ಲ ಹರಿದುಹೋದ ಮೇಲೆ, ಚಪ್ಪಲಿ ಹೊಲಿಯುವಷ್ಟು ದಪ್ಪದ ಹಾಳೆಯೊಂದು ಕೊಳಗದೊಳಗೆ ಇಡಿಯಾಗಿ ಉಳಿದಿತ್ತು.