ಅವನ ಪಾಲಿನ ಲೋಟ

"ಕೈ ತೆಗೀರಿ ಲೋಟದಿಂದ!"

ಷಡಕ್ಷರಪ್ಪ ಬೆಚ್ಚಿ ಕೈ ಹಿಂದೆಳೆದುಕೊಂಡ. ಅವನ ಹೆಂಡತಿ ಶಿವಗಂಗಮ್ಮ ತನ್ನ ಕಾಫಿ ಮುಗಿಸಿ, ಅವನ ಪಾಲಿನದನ್ನೂ ಎತ್ತಿ ಗಟಗಟ ಕುಡಿದಳು. ಬೆಳಗಿನಿಂದ ಹಾರನಹಳ್ಳಿಯಲ್ಲಿ ಇದು ಆರನೆಯ ಮನೆ.

"ಏನು ಸೆಕೆಯಪ್ಪಾ!" ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. ಹೊರಗೆ ಮೋಡ ಕವಿದು ತಣ್ಣನೆ ಗಾಳಿ ಬೀಸುತ್ತಿತ್ತು.

ಮಗಳು ಪ್ರತಿಮಾಳ ಮದುವೆಗೆ ಹದಿನೆಂಟೇ ದಿನ. ಲಗ್ನಪತ್ರಿಕೆ ಕೊಟ್ಟ ಮನೆಯಲ್ಲಿ ಕಾಫಿ ಬೇಡವೆನ್ನುವುದುಂಟೇ? ಬೆರೆಸಿ ತಂದ ಲೋಟ ತುಂಬಿದ ಹಾಗೇ ಒಳಗೆ ಹೋಯಿತೋ, ಆ ಮನೆಯವರು ಮದುವೆಯ ಕಡೆ ತಲೆ ಹಾಕುವುದಿಲ್ಲ. ಕೊಬ್ಬರಿ ವ್ಯಾಪಾರಿ ಷಡಕ್ಷರಪ್ಪನ ಬಳಗವೋ, ಅರಸೀಕೆರೆಯಿಂದ ಬೇಲೂರಿನವರೆಗೆ ಚಾಚಿತ್ತು.

ಆದರೆ ಷಡಕ್ಷರಪ್ಪ ಕುಡಿಯುವಂತಿಲ್ಲ. ಮೂರು ತಿಂಗಳ ಹಿಂದೆ ಗಂಡ ಹೆಂಡತಿ ಇಬ್ಬರೂ ಹಾಸನದಲ್ಲಿ ಎದೆಯ ಪರೀಕ್ಷೆ ಮಾಡಿಸಿಕೊಂಡಿದ್ದರು. ಡಾಕ್ಟರ ಕೋಣೆಯಿಂದ ಅವನು ಬಿಳಿಚಿಕೊಂಡು ಹೊರಬಂದಿದ್ದ. "ನನ್ನ ಎದೆಬಡಿತ ಸರಿಯಿಲ್ಲವಂತೆ ಕಣೇ. ಕಾಫಿ ಮುಟ್ಟಿದರೆ ಜೀವಕ್ಕೇ ಅಪಾಯವಂತೆ."

ಸಂಜೆಯೊಳಗೆ ಫಿಲ್ಟರು, ಪುಡಿಡಬ್ಬಿ ಎರಡೂ ಪಕ್ಕದ ಮನೆ ಸೇರಿದವು. ಗಂಡನಿಗಿಲ್ಲದ್ದು ತನಗ್ಯಾಕೆ ಎಂದು ಶಿವಗಂಗಮ್ಮನೂ ಬಿಟ್ಟಳು. ತನ್ನ ಮಂಡಿನೋವಿನ ಮಾತ್ರೆಯನ್ನು ಕರಿಬೇವಿನ ಗಿಡದ ಬುಡಕ್ಕೆ ಎಸೆಯುವ ಹೆಂಗಸು, ಗಂಡನ ಪಥ್ಯವೆಂದರೆ ಪೊಲೀಸಿನವಳಾಗಿದ್ದಳು.

ಏಳನೆಯದು ಹೈಸ್ಕೂಲು ಮೇಷ್ಟ್ರು ಶರತ್ಚಂದ್ರರ ಮನೆ. ಅವರ ತಾಯಿ ಬಸಮ್ಮ ಎರಡು ಲೋಟ ತಂದಿಟ್ಟರು. ಷಡಕ್ಷರಪ್ಪ ತನ್ನ ಮುಂದಿದ್ದುದನ್ನು ಬಿಟ್ಟು ಹೆಂಡತಿಯ ಲೋಟಕ್ಕೇ ಕೈಹಾಕಿದ. ಅವಳು ಎರಡನ್ನೂ ತನ್ನತ್ತ ಎಳೆದುಕೊಂಡಳು.

"ಥೂ, ಏನ್ರೀ ಇದು, ಚಿಕ್ಕ ಮಕ್ಕಳ ಹಾಗೆ!"

"ನನಗೇನೂ ಆಗಿಲ್ಲ ಕಣೇ ಗಂಗಾ. ಆಣೆಗೂ ಇಲ್ಲ. ಕೊಡು ಇಲ್ಲಿ."

"ಒಂದು ಗುಟುಕಿಗೆ ಆಣೆ ಬೇರೆ!"

ಬಸಮ್ಮ ನಕ್ಕರು. "ಬುಡವ್ವ, ಗಂಡಸ್ರ ಬಾಯಿಚಪಲ ಯಾವಾಗ್ಲೂ ಹಂಗೇಯ."

"ಎದೆ ಕೆಟ್ಟಿರೋದು ನನ್ನದಲ್ಲ ಕಣೇ..."

"ಮತ್ಯಾರದ್ದು, ಬಸಮ್ಮನೋರದ್ದಾ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಷಡಕ್ಷರಪ್ಪನಿಗೆ ಅಳುವೇ ಬಂತು. ಒಳಜೇಬಿನ ಡಾಕ್ಟರ ಚೀಟಿ ತೆಗೆದು ಅವಳ ಮುಂದೆ ಹಿಡಿದ. "ಇದನ್ನಾದರೂ ನೋಡೇ, ನಿನ್ನ ದಮ್ಮಯ್ಯ."

"ಇಂಗ್ಲಿಷ್ ಚೀಟಿ ತಗೊಂಡು ನಾನೇನು ಮಾಡ್ಲಿ? ಸುಮ್ನಿರಿ." ಎರಡು ಲೋಟಗಳೂ ಬರಿದಾದವು. "ನೀವು ಚೆನ್ನಾಗಿದ್ರೆ ಸಾಕು. ನನಗೇನು, ಗುಂಡುಕಲ್ಲಿನ ಹಾಗಿದ್ದೀನಿ."

ಎದ್ದು ಎರಡು ಹೆಜ್ಜೆ ಇಟ್ಟಳು. ಕೈ ಎದೆಗೆ ಹೋಯಿತು. ಗೋಡೆಗೆ ಒರಗಿದವಳು ಹಾಗೇ ಕುಸಿದಳು. ಬಸಮ್ಮ ನೀರಿಗೆ ಓಡಿದರು. ಯಾರೋ ಕಾರು ಕರೆಸಲು ಎಸ್‌ಟಿಡಿ ಬೂತಿಗೆ ಓಡಿದರು. ಷಡಕ್ಷರಪ್ಪ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ನಿನಗಾಗಿ ನೀನು ಬಿಡ್ತಿರಲಿಲ್ಲ ಕಣೇ, ಅದಕ್ಕೇ ಹಾಗೆ ಹೇಳಿದೆ," ಎಂದು ಗೋಳಾಡುತ್ತಿದ್ದ.

ಮೇಷ್ಟ್ರು ನೆಲಕ್ಕೆ ಬಿದ್ದಿದ್ದ ಚೀಟಿ ಎತ್ತಿಕೊಂಡರು. ರೋಗಿಯ ಹೆಸರಿನ ಜಾಗದಲ್ಲಿ ಶಿವಗಂಗಮ್ಮ ಎಂದಿತ್ತು.