ಮೇಷ್ಟ್ರ ಕಾರಿನ ಟಾಪು

ಗ್ಯಾಸ್ ವೆಲ್ಡಿಂಗ್ ವಾಸನೆ ಬಡಿದರೆ ಈಗಲೂ ನಾನು ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತೇನೆ.

ಹೊಳೆನರಸೀಪುರದಲ್ಲಿ ಅಪ್ಪನದು ಟಿಂಕರಿಂಗ್ ಶೆಡ್ಡು. ನಿವೃತ್ತ ಮೇಷ್ಟ್ರೊಬ್ಬರು, ತಮ್ಮ ತಂದೆಯ ಕಾಲದ ಹಳೆಯ ಕಾರನ್ನು ರಿಪೇರಿಗೆ ತಂದಿದ್ದರು. ಅದರ ಟಾಪು ತುಕ್ಕು ತಿಂದು ಜರಡಿಯಾಗಿತ್ತು. ಒಳಗಡೆ ಟಾಪಿಗೆ ನೀಲಿ ಮಖಮಲ್ ಬಟ್ಟೆ ಹೊದಿಸಿದ್ದರು.

“ಬೆಂಕಿ ಕೆಲ್ಸ ಸಾ, ಬಟ್ಟೆ ಬಿಚ್ಬುಡ್ತೀನಿ,” ಅಂದರು ಅಪ್ಪ.

“ಬೇಡಪ್ಪ. ನಮ್ಮ ಮನೆಯವರು ಕೈಯಾರೆ ಹೊಲಿದದ್ದು. ಈಗ ಅವರೇ ಇಲ್ಲ. ಅದೊಂದು ಹಾಗೇ ಇರಲಿ,” ಅಂದರು ಮೇಷ್ಟ್ರು.

ಅಪ್ಪ ಬಟ್ಟೆಗೆ ಬೆಂಕಿ ತಗಲದಂತೆ ಒದ್ದೆ ಗೋಣಿಚೀಲ ಒತ್ತಿಕೊಂಡು ಇಂಚಿಂಚಾಗಿ ಹೊಸ ತಗಡು ಬೆಸೆದರು. ಮೂರನೆಯ ಮಧ್ಯಾಹ್ನ ನಾನು ಊಟದ ಕ್ಯಾರಿಯರ್ ಹಿಡಿದು ಹೋದಾಗ ಕಾರಿನೊಳಗೆ ಹೊಗೆ ತುಂಬಿತ್ತು. ಅಪ್ಪ ಉರಿಯುವ ಬಟ್ಟೆಯನ್ನು ಬರಿಗೈಯಲ್ಲೇ ಕಿತ್ತೆಳೆಯುತ್ತಿದ್ದರು. ನಾನು ನೀರು ತರುವಷ್ಟರಲ್ಲಿ ಸೀಟುಗಳೂ ಹತ್ತಿಕೊಂಡಿದ್ದವು.

ಸುದ್ದಿ ತಿಳಿದು ಬಂದ ಮೇಷ್ಟ್ರು ಕರಕಲಾದ ಕಾರನ್ನು ಒಂದು ಸುತ್ತು ಹಾಕಿದರು. ಅಷ್ಟು ಹೊತ್ತಿಗೆ ಜನ ಸೇರಿದ್ದರು.

“ನಿನ್ನ ನಂಬಿ ಬಿಟ್ಟಿದ್ನಲ್ಲಪ್ಪ.”

ನಾನು ಬಾಯಿ ತೆರೆಯುವುದರೊಳಗೆ ಅಪ್ಪ ಚರ್ಮ ಸುಲಿದ ಕೈಯಿಂದಲೇ ನನ್ನ ಭುಜ ಅದುಮಿದರು.

“ನಂದೇ ತಪ್ಪು ಸಾ,” ಅಂದರು.

ಊರಲ್ಲಿ ಆ ಮಾತೇ ಉಳಿಯಿತು. ಮತ್ತೆ ಯಾರೂ ಗಾಡಿ ತರಲಿಲ್ಲ. ತಂದಿದ್ದರೂ, ಮಡಚಿಕೊಂಡ ಆ ಬೆರಳುಗಳು ಸುತ್ತಿಗೆ ಹಿಡಿಯುವಂತಿರಲಿಲ್ಲ.