ಹೊಸ ಕಂಪನಿಯ ಬಂಡವಾಳ

“ಹಳೆ ಕಂಪನಿ ಹೆಸರಲ್ಲಿ ಈಗ ಏನೇನಿದೆ, ಹೇಳಿ,” ಎಂದರು ವಕೀಲ ಹಾಗಾ.

“ಏನೂ ಇಲ್ಲ,” ಎಂದ ಒನೊದೆರಾ. “ಬ್ಯಾಂಕಲ್ಲಿ ಎರಡು ಸಾವಿರ ಯೆನ್ ಇರಬಹುದು. ಒಂದು ಫೋನಿತ್ತು, ಬಿಲ್ ಕಟ್ಟಿಲ್ಲ ಅಂತ ಅದನ್ನೂ ಕತ್ತರಿಸಿದಾರೆ.”

ಸೆಂದಾಯ್ ನ್ಯಾಯಾಲಯದ ಆ ಸಣ್ಣ ಕೋಣೆಯಲ್ಲಿ ಹೊರಗಿನವರು ಯಾರೂ ಇರಲಿಲ್ಲ. ಇಂಥ ವಿಚಾರಣೆಗೆ ಬಿಡುವುದೂ ಇಲ್ಲ. ಎದುರಿಗೆ ನ್ಯಾಯಾಧೀಶೆ, ಒಂದು ಕಡೆ ಕಂಪನಿಯ ನಿರ್ದೇಶಕ ಒನೊದೆರಾ, ಇನ್ನೊಂದು ಕಡೆ ಹಾಗಾ, ಅವರ ಪಕ್ಕದಲ್ಲಿ ತೆರುಕೊ ಕುಮಗಾಯ್. ಅವಳ ಒಬ್ಬನೇ ಮಗ ನೊಬೊರು ಒನೊದೆರಾನ ಕಾರ್ಖಾನೆಯಲ್ಲಿ ಮೀನು ಅರೆಯುವ ಯಂತ್ರಕ್ಕೆ ಸಿಕ್ಕಿ ಸತ್ತಿದ್ದ. ಕೆಲಸ ಬೇಗ ಸಾಗಲೆಂದು ಯಂತ್ರದ ಮುಚ್ಚಳ ಬಿಚ್ಚಿಸಿದ್ದು ಕಂಪನಿಯ ತಪ್ಪು, ತಾಯಿಗೆ ಪರಿಹಾರ ಕೊಡಬೇಕು ಎಂದು ತೀರ್ಪು ಬಂದು ವರ್ಷವಾಗಿತ್ತು. ಬಿಡಿಗಾಸೂ ಕೈಗೆ ಬಂದಿರಲಿಲ್ಲ. ಆಸ್ತಿ ಎಲ್ಲಿದೆ ಎಂದು ನಿರ್ದೇಶಕನಿಂದಲೇ ಪ್ರಮಾಣ ಮಾಡಿಸಿ ಕೇಳೋಣ ಎಂದು ಹಾಗಾ ಅರ್ಜಿ ಹಾಕಿದ್ದರು. ಸುಳ್ಳು ಹೇಳಿದರೆ ಜೈಲು ಎಂದು ನ್ಯಾಯಾಧೀಶೆ ಮೊದಲೇ ಎಚ್ಚರಿಸಿದ್ದರು.

“ಕಾರ್ಖಾನೆ ನಡೀತಾನೇ ಇದೆಯಲ್ಲ?”

“ಅದು ಹೊಸ ಕಂಪನಿ. ನನ್ನ ಹೆಂಡತಿ ಹೆಸರಲ್ಲಿದೆ. ಯಂತ್ರ, ಗಾಡಿ, ಕಟ್ಟಡ ಎಲ್ಲ ಅದರದ್ದು.”

“ಹಳೇದು ಸಾಲದಲ್ಲಿ ಮುಳುಗಿತ್ತು ಅಂದ್ರಿ. ಹೊಸದಕ್ಕೆ ಬಂಡವಾಳ ಎಲ್ಲಿಂದ ಬಂತು?”

ಒನೊದೆರಾ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ. “ಹೊಸದು ಶುರು ಮಾಡಿದ ವರ್ಷ ಹಳೆ ಕಂಪನಿಗೆ ಸ್ವಲ್ಪ ಹಣ ಬಂದಿತ್ತು. ಅದನ್ನ ಹೆಂಡತಿಗೆ ಕೊಟ್ಟೆ.”

“ಏನು ಹಣ?”

“ವಿಮೆ.”

“ಬೆಂಕಿ ವಿಮೆಯಾ?”

“ಅಲ್ಲ, ಜೀವವಿಮೆ.”

“ಯಾರ ಜೀವ?”

ಒನೊದೆರಾ ವಕೀಲರನ್ನು ನೋಡಿದ. ಆಮೇಲೆ, ಕೋಣೆಗೆ ಬಂದಾಗಿನಿಂದ ಮೊದಲ ಸಲ, ತೆರುಕೊಳ ಮುಖ ನೋಡಿದ.

“ನೊಬೊರುದು,” ಎಂದ. “ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ.”

ತೆರುಕೊ ವಕೀಲರ ಕಡೆ ತಿರುಗಿದಳು. “ಯಾವ ನೊಬೊರು?” ಎಂದು ಮೆಲ್ಲಗೆ ಕೇಳಿದಳು.

ಒನೊದೆರಾನೇ ಹೇಳಿದ: “ಕೆಲಸಕ್ಕೆ ಸೇರೋ ದಿನ ಎಲ್ಲರ ಹತ್ರಾನೂ ವಿಮೆ ಕಾಗದಕ್ಕೆ ಸಹಿಯ ಮುದ್ರೆ ಒತ್ತಿಸ್ಕೋತೀವಿ. ಕಂತು ಕಂಪನಿ ಕಟ್ಟುತ್ತೆ, ಏನಾದ್ರೂ ಆದ್ರೆ ಹಣ ಕಂಪನಿಗೆ. ಎಲ್ಲ ಕಾನೂನು ಪ್ರಕಾರಾನೇ ಮಾಡಿದ್ದು. ಮೂರು ಕೋಟಿ ಬಂತು.”

ಅಂತ್ಯಕ್ರಿಯೆಯ ದಿನ ಈ ಮನುಷ್ಯ ಚಾಪೆಗೆ ಹಣೆ ಹಚ್ಚಿ ಅತ್ತಿದ್ದ. ಸಂತಾಪದ ಹಣದ ಲಕೋಟೆಯನ್ನು ಎರಡೂ ಕೈಯಿಂದ ಅವಳ ಮುಂದೆ ಸರಿಸಿದ್ದ. ಅವಳೂ ಅಷ್ಟೇ ಬಾಗಿ ತೆಗೆದುಕೊಂಡಿದ್ದಳು. ಪದ್ಧತಿಯಂತೆ ಅದಕ್ಕೆ ಪ್ರತಿಯಾಗಿ ಅವನ ಮನೆಗೆ ಚಹಾ ಎಲೆಯ ಡಬ್ಬಿಯನ್ನೂ ಕಳಿಸಿದ್ದಳು. ಅಷ್ಟು ದೊಡ್ಡ ಮನುಷ್ಯರಿಗೆ ಯಾವ ಚಹಾ ಕಳಿಸಿದರೆ ಚೆನ್ನ ಎಂದು ಅಂಗಡಿಯಲ್ಲಿ ತುಂಬಾ ಹೊತ್ತು ನಿಂತಿದ್ದು ಈಗ ನೆನಪಾಯಿತು.

ಅವಳು ಕೈ ಎತ್ತಿದಳು. ನ್ಯಾಯಾಧೀಶೆ ತಲೆಯಾಡಿಸಿದರು.

“ಈಗ ಕೆಲಸ ಮಾಡ್ತಿರೋರ ಮೇಲೂ ಇದೆಯಾ ಯಜಮಾನ್ರೇ, ಆ ವಿಮೆ?”

“ಇದೆ, ಎಲ್ಲರ ಮೇಲೂ ಇದೆ,” ಎಂದ ಒನೊದೆರಾ. ಸುಲಭದ ಪ್ರಶ್ನೆ ಬಂತೆಂದು ಅವನ ಮುಖ ಸಡಿಲವಾಯಿತು. “ವಯಸ್ಸು ನೋಡಿ ಮೊತ್ತ ಸ್ವಲ್ಪ ಹೆಚ್ಚುಕಡಿಮೆ, ಅಷ್ಟೇ.”

“ಯಂತ್ರಕ್ಕೆ ಮುಚ್ಚಳ ಹಾಕ್ಸಿದ್ರಾ?”

ಒನೊದೆರಾ ಬಾಯಿ ತೆರೆದ. ನ್ಯಾಯಾಧೀಶೆ ಕತ್ತೆತ್ತಿ, “ಇದು ಕಂಪನಿಯ ಆಸ್ತಿಗೆ ಸಂಬಂಧಪಟ್ಟ ಪ್ರಶ್ನೆ ಅಲ್ಲ. ಉತ್ತರ ಕೊಡಬೇಕಾಗಿಲ್ಲ,” ಎಂದರು. ಒನೊದೆರಾ ಬಾಯಿ ಮುಚ್ಚಿದ.

ಹೊರಗೆ ಬಂದಾಗ ಹಾಗಾ ಅವರ ಮುಖದಲ್ಲಿ ಗೆಲುವಿತ್ತು. “ಕಂಪನಿ ಹಣಾನ ಹೆಂಡತಿಗೆ ದಾಟಿಸಿದ್ದು ಅವನ ಬಾಯಿಂದಲೇ ಬಂತು, ಕುಮಗಾಯ್-ಸಾನ್. ಇನ್ನು ಹೊಸ ಕಂಪನಿ ಮೇಲೇ ದಾವೆ ಹೂಡೋಣ. ಈ ಸಲ ಹಣ ಬಂದೇ ಬರುತ್ತೆ.” ತೆರುಕೊ ಹೂಂಗುಟ್ಟಿದಳು. ಕೋಟಿನ ತೋಳಿಗೆ ಕೈ ತೂರಿಸಲು ಹೋದಳು. ಕೈ ಒಳಗೆ ಹೋಗಲೊಲ್ಲದು. ಕೊನೆಗೆ ಹಾಗಾ ಅವರೇ ಕೋಟು ಹಿಡಿದು ನಿಂತು ತೊಡಿಸಿದರು.

ಊರಿನ ರೈಲು ಸ್ಟೇಷನ್ನಿನಲ್ಲಿ ಕಾನ್ ವ್ಯಾನ್ ತಂದು ಕಾಯುತ್ತಿದ್ದ. ಕಾರ್ಖಾನೆಯಲ್ಲಿ ನೊಬೊರು ಪಕ್ಕದಲ್ಲೇ ನಿಂತು ಕೆಲಸ ಮಾಡಿದವನು, ಈಗಲೂ ಅಲ್ಲೇ ದುಡಿಯುವವನು. ಅವಳನ್ನು ಮನೆಗೆ ಬಿಡುವುದಕ್ಕೆಂದೇ ಮಧ್ಯಾಹ್ನ ರಜೆ ಕೇಳಿಕೊಂಡು ಬಂದಿದ್ದ.

“ಏನಾಯ್ತು ಚಿಕ್ಕಮ್ಮ? ಬಾಯಿ ಬಿಟ್ನಾ ಮುದುಕ?”

ತೆರುಕೊ ಎಲ್ಲವನ್ನೂ ಹೇಳಿದಳು. ಬಂದರಿನ ತಿರುವಿನಲ್ಲಿ ಕೆಂಪು ದೀಪ ಬಿತ್ತು. ಅದು ಹಸಿರಾದರೂ ವ್ಯಾನ್ ಕದಲಲಿಲ್ಲ. ಹಿಂದಿನ ಕಾರಿನವನು ಒಮ್ಮೆ ಮೆತ್ತಗೆ ಹಾರ್ನ್ ಮಾಡಿ, ಮತ್ತೊಮ್ಮೆ ಮಾಡಿದ.

“ಚಿಕ್ಕಮ್ಮ,” ಎಂದ ಕಾನ್, ರಸ್ತೆಯನ್ನೇ ನೋಡುತ್ತ. “ನನ್ನ ಜೀವಕ್ಕೆ ಎಷ್ಟು ಕಟ್ಟಿದಾರಂತೆ?”